ರೆಕ್ಕೆಯೊಳಗೆ ಹಬೆ ತಣಿಸಿದ ವಿಮಾನ: ಸೂಪರ್‌ಮರೀನ್ 224ರ ಮಾದರಿ ಮಾಡುವ ಬಗೆ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ವಸ್ತುಪ್ರದರ್ಶನಕ್ಕೆ ಯುದ್ಧವಿಮಾನದ ಮಾದರಿ ಮಾಡಬೇಕೆಂದು ಬರುವ ಮಕ್ಕಳೆಲ್ಲ ಸ್ಪಿಟ್‌ಫೈರ್ ಕೇಳುತ್ತಾರೆ. ಸ್ಪಿಟ್‌ಫೈರ್ ರೂಪಿಸಿದ ಆರ್. ಜೆ. ಮಿಚೆಲ್ ಅವರೇ ಅದಕ್ಕೂ ಮೊದಲು ಬ್ರಿಟನ್ನಿನ ಸೂಪರ್‌ಮರೀನ್ ಕಂಪನಿಯಲ್ಲಿ ರೂಪಿಸಿದ ಒಂಟಿರೆಕ್ಕೆಯ (ಬದಿಗೆ ಒಂದೇ ರೆಕ್ಕೆಯ) 224 ಮಾಡಿ ಎಂದು ನಾನು ಒತ್ತಾಯಿಸುತ್ತೇನೆ. ಅದು ಎಡವಿದ್ದು ಎಲ್ಲಿ ಎಂಬುದನ್ನು ಶಾಲೆಯ ಪಾಠದಿಂದಲೇ ವಿವರಿಸಬಹುದು.

ಅಳತೆ 1:20 ಇರಲಿ. ಮೂಲ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 13.97 ಮೀಟರ್, ಉದ್ದ ಸುಮಾರು 9 ಮೀಟರ್. ಮಾದರಿಯಲ್ಲಿ 70 ಮತ್ತು 45 ಸೆಂಟಿಮೀಟರ್ ಆಗುತ್ತದೆ. ನಿಮ್ಮ ನಕ್ಷೆಯಲ್ಲಿ ರೆಕ್ಕೆ 14 ಸೆಂಟಿಮೀಟರ್ ಇದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಶೇ. 200ರಂತೆ ಎರಡು ಸಲ, ಶೇ. 125ರಂತೆ ಒಂದು ಸಲ ಹಿಗ್ಗಿಸಲು ಹೇಳಿ. ಅರ್ಧ ರೆಕ್ಕೆ ಎ3 ಹಾಳೆಯಲ್ಲಿ ಹಿಡಿಯುತ್ತದೆ. ಪ್ರತಿ ಪ್ರತಿಗೂ ಸ್ಕೇಲ್ ಇಟ್ಟು ನೋಡಿ, ಯಂತ್ರ ಒಂದಿಷ್ಟು ಎಳೆದಿರುತ್ತದೆ.

ಒಡಲಿಗೆ ಥರ್ಮೋಕೋಲ್ ಸಾಕು. ಸ್ಪ್ರೇ ಬಣ್ಣ ಥರ್ಮೋಕೋಲನ್ನು ತಿಂದುಹಾಕುವುದರಿಂದ ಮೊದಲು ಫೆವಿಕಾಲಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳನ್ನು ಎರಡು ಪದರ ಅಂಟಿಸಿ ಒಣಗಿಸಿ. ಚಾಲಕನ ಜಾಗ ತೆರೆದೇ ಇರಲಿ, ಮೂಲದಲ್ಲೂ ಮೇಲುಹೊದಿಕೆ ಇರಲಿಲ್ಲ.

ರೆಕ್ಕೆಗೆ ಮಾತ್ರ ಸಮಯ ಕೊಡಿ. ಅದು ಒಡಲಿನಿಂದ ಕೆಳಗಿಳಿದು, ಚಕ್ರದ ಕಾಲಿನ ಬಳಿ ಮುರಿದು, ತುದಿಯತ್ತ ಮತ್ತೆ ಮೇಲೇರುತ್ತದೆ. ಸೈಕಲ್ ಅಂಗಡಿಯಿಂದ ಹಳೆಯ ಸ್ಪೋಕ್ ತಂದು ಮುಂಭಾಗದ ನಕ್ಷೆಯ ಮೇಲಿಟ್ಟು ಅದೇ ಓರೆಗೆ ಬಗ್ಗಿಸಿ, ರೆಕ್ಕೆಯ ಎರಡೂ ತುಂಡುಗಳೊಳಗೆ ಚುಚ್ಚಿ ಸೇರಿಸಿ. ಮೂಲ ರೆಕ್ಕೆಯ ಮುಂಭಾಗ ಲೋಹದ್ದು, ಹಿಂಭಾಗ ಬಟ್ಟೆಯದು. ಹಿಂಭಾಗದಲ್ಲಿ ಅಡ್ಡಪಟ್ಟಿಗಳ ಜಾಗಕ್ಕೆ ಹೊಲಿಗೆ ದಾರ ಅಂಟಿಸಿ, ಮೇಲೆ ಗಾಳಿಪಟದ ಕಾಗದ ಹೊದಿಸಿ ನೀರು ಚಿಮುಕಿಸಿ. ಒಣಗಿದಾಗ ಕಾಗದ ಬಿಗಿದು ದಾರದ ಗೆರೆಗಳು ಎದ್ದು ಕಾಣುತ್ತವೆ. ದಪ್ಪನೆಯ ಕಾಲುಗಳನ್ನು ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಕೆತ್ತಿ. ಈ ಕಾಲುಗಳು ಮಡಚುವುದಿಲ್ಲ.

ಇನ್ನು ಒಂದು ಬದಿಯ ರೆಕ್ಕೆಯ ಮೇಲೆ ಹಬೆಯ ದಾರಿಯನ್ನು ಕೆಂಪಿನಲ್ಲೂ ನೀರಿನ ದಾರಿಯನ್ನು ನೀಲಿಯಲ್ಲೂ ಬರೆಯಿರಿ. ರೋಲ್ಸ್ ರಾಯ್ಸ್ ಗಾಸ್‌ಹಾಕ್ ಎಂಜಿನ್ನಿನ ಬಿಸಿನೀರು ಹಬೆಯಾಗಿ ರೆಕ್ಕೆಯ ಮುಂದಿನ ಅಂಚಿಗೆ ಹೋಗಿ ತಣಿದು ನೀರಾಗಬೇಕು. ಆ ನೀರು ಕಾಲುಗಳೊಳಗಿನ ತೊಟ್ಟಿಗೆ ಇಳಿದು, ಪಂಪಿನಿಂದ ಮತ್ತೆ ಮೇಲೇರಬೇಕು. ಗಾಳಿಗೆ ಅಡ್ಡ ನಿಲ್ಲುವ ರೇಡಿಯೇಟರ್ ಬೇಕಿಲ್ಲವಲ್ಲ! ಎಂಥ ಸುಂದರ ಯೋಚನೆ. ಆದರೆ ತೊಟ್ಟಿಯ ನೀರು ಕುದಿಯುವ ಅಂಚಿನಲ್ಲೇ ಇರುತ್ತಿತ್ತು. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಪಂಪು ಎಳೆದ ನೀರು ಅಲ್ಲೇ ಹಬೆಯಾಗುತ್ತಿತ್ತು, ಪಂಪು ಸೋಲುತ್ತಿತ್ತು. ಸುಮಾರು 600 ಮೀಟರ್ ಎತ್ತರದ ನಮ್ಮ ದಾವಣಗೆರೆಯಲ್ಲೇ ನೀರು 98 ಡಿಗ್ರಿಗೆ ಕುದಿಯುತ್ತದೆ. 15,000 ಅಡಿ ಮೇಲೆ ಸುಮಾರು 85 ಡಿಗ್ರಿ ಸಾಕು.

ಇದನ್ನು ಮಾದರಿಯ ಪಕ್ಕದಲ್ಲೇ ತೋರಿಸಿ. ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜಿಗೆ ಕಾಲುಭಾಗ ಬಿಸಿನೀರು ಎಳೆದು ಗಾಳಿ ಹೊರಹಾಕಿ. ನೀರು 70ರಿಂದ 80 ಡಿಗ್ರಿ ಇರಲಿ. ತುದಿಗೆ ರಬ್ಬರ್ ಬಿರಡೆ ಒತ್ತಿ ಹಿಡಿದು ಹಿಡಿಯನ್ನು ಜೋರಾಗಿ ಹಿಂದಕ್ಕೆಳೆದರೆ ನೀರು ಬುಳಬುಳನೆ ಕುದಿಯುತ್ತದೆ. ಕೈಗೆ ದಪ್ಪ ಬಟ್ಟೆ ಇರಲಿ, ಈ ಕೆಲಸ ಶಿಕ್ಷಕರೇ ಮಾಡಲಿ.

ಒಡಲಿನ ಮೇಲೆ ಮೂಲ ವಿಮಾನದ ಗುರುತುಸಂಖ್ಯೆ ಕೆ2890 ಎಂದು ಬರೆದು, ಫಲಕದಲ್ಲಿ ಇಷ್ಟು ಸೇರಿಸಿ: ಮೊದಲ ಹಾರಾಟ 1934ರ ಫೆಬ್ರವರಿ 19, ಇಂಗ್ಲೆಂಡಿನ ಈಸ್ಟ್‌ಲೀ, ಗರಿಷ್ಠ ವೇಗ ಗಂಟೆಗೆ 228 ಮೈಲಿ, ಇದರ ಬದಲು ಬ್ರಿಟನ್ನಿನ ವಾಯುಪಡೆ ಆರಿಸಿಕೊಂಡದ್ದು ಜೋಡಿರೆಕ್ಕೆಯ ಗ್ಲಾಸ್ಟರ್ ಗ್ಲಾಡಿಯೇಟರನ್ನು. ರಟ್ಟಿನಲ್ಲಿ 56 ಸೆಂಟಿಮೀಟರಿನ ಸ್ಪಿಟ್‌ಫೈರ್ ರೆಕ್ಕೆಯನ್ನೂ ಕತ್ತರಿಸಿ ಪಕ್ಕದಲ್ಲಿಡಿ. ಸ್ಪಿಟ್‌ಫೈರ್ ಮೊದಲ ಸಲ 1936ರ ಮಾರ್ಚ್ 5ರಂದು ಅದೇ ಈಸ್ಟ್‌ಲೀಯಿಂದ ಹಾರಿತು. ಎರಡನ್ನೂ ಮೊದಲು ಹಾರಿಸಿದವರು ಜೋಸೆಫ್ ಸಮ್ಮರ್ಸ್.