ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ದಮ್ಮು ಕಟ್ಟದೆ ಹತ್ತೋದು ಹೇಗೆ? ಎಟಿಪಿ ಲೆಕ್ಕದಲ್ಲಿ ನೋಡೋಣ

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹುಡುಗರು ಎರಡೆರಡು ಮೆಟ್ಟಿಲು ಹಾರಿಕೊಂಡು ಓಡುತ್ತಾರೆ. ನೂರು ಮೆಟ್ಟಿಲು ದಾಟುವಷ್ಟರಲ್ಲಿ ಪಕ್ಕಕ್ಕೆ ಕೂತು ಏದುಸಿರು ಬಿಡುತ್ತಿರುತ್ತಾರೆ. ಹರಕೆ ಹೊತ್ತ ಅಜ್ಜಿಯೊಬ್ಬರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ, ಸೊಸೆಯ ಜೊತೆ ಮಾತಾಡುತ್ತಾ ಅವರನ್ನು ದಾಟಿ ಹೋಗುತ್ತಾರೆ. ಅಜ್ಜಿಗೆ ಹುಡುಗರಿಗಿಂತ ಶಕ್ತಿ ಜಾಸ್ತಿ ಅಂತಲ್ಲ. ಅವರ ಕಾಲು ಖರ್ಚು ಮಾಡುವ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು), ಮೈ ತಯಾರಿಸುವ ಎಟಿಪಿ, ಎರಡೂ ತಾಳೆಯಾಗುತ್ತಿವೆ.

ಎಟಿಪಿ ಅಂದರೆ ಅಡೆನೊಸಿನ್ ಟ್ರೈಫಾಸ್ಫೇಟ್. ಬಾಲಕ್ಕೆ ಮೂರು ಫಾಸ್ಫೇಟ್ ಅಂಟಿಕೊಂಡಿರುವ ಒಂದು ಸಣ್ಣ ಅಣು. ಕೊನೆಯ ಫಾಸ್ಫೇಟ್ ಕಳಚಿದಾಗ ಶಕ್ತಿ ಸಿಗುತ್ತದೆ, ಉಳಿದದ್ದು ಎಡಿಪಿ. ಊಟದ ಶಕ್ತಿಯಿಂದ ಜೀವಕೋಶ ಅದಕ್ಕೆ ಮತ್ತೆ ಫಾಸ್ಫೇಟ್ ಅಂಟಿಸುತ್ತದೆ. ನಮ್ಮ ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ನೂರು ಗ್ರಾಂ ಆಸುಪಾಸು ಮಾತ್ರ. ಆದರೆ ದಿನವಿಡೀ ಒಡೆದು ಕಟ್ಟುವ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಆಗುತ್ತದೆ! ಕೂಡಿಡುವ ಮಾತೇ ಇಲ್ಲ, ಅಂದಂದಿನ ದುಡಿಮೆಯಲ್ಲಿ ಅಂದಂದಿನ ಊಟ ಮಾಡುವ ಮನೆಯ ಹಾಗೆ.

ತೊಡೆಯ ಮೇಲೆ ಕೈಯಿಟ್ಟು ಒಂದು ಮೆಟ್ಟಿಲು ಹತ್ತಿ ನೋಡಿ. ಸ್ನಾಯು ಬಿಗಿಯಾಯಿತು, ಆಮೇಲೆ ಸಡಿಲವಾಯಿತು, ಅಲ್ವಾ? ಒಳಗೆ ಮಯೊಸಿನ್ ಅನ್ನುವ ಎಳೆ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದು ಎಳೆಯಿತು, ಒಂದೊಂದು ಎಳೆತಕ್ಕೂ ಒಂದೊಂದು ಎಟಿಪಿ. ವಿಶೇಷ ಏನೆಂದರೆ, ಹಿಡಿದದ್ದನ್ನು ಬಿಡುವುದಕ್ಕೂ ಎಟಿಪಿಯೇ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಇದಕ್ಕೇ, ಹಿಡಿತ ಬಿಡಿಸಲು ಎಟಿಪಿ ಉಳಿದಿರುವುದಿಲ್ಲ.

ಈಗ ಹತ್ತೋಣ.

ಮೊದಲ ಮೂರು ನಿಮಿಷ ಬೇಕೆಂದೇ ನಿಧಾನ ಹೋಗಿ. ಇದೊಂದನ್ನು ಪಾಲಿಸಿದರೆ ಅರ್ಧ ಬೆಟ್ಟ ಹತ್ತಿದ ಹಾಗೆ. ಜೋರಾಗಿ ಓಡಿದರೆ ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಮಾತ್ರ ಸಾಲುವಷ್ಟು. ಆಗ ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಅನ್ನುವ ಇನ್ನೊಂದು ಅಣು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಕಾಪಾಡುತ್ತದೆ, ಅದೂ ಹತ್ತು ಸೆಕೆಂಡಿನ ಹೊತ್ತಿಗೆ ಸೋಲುತ್ತದೆ. ಆಮೇಲೆ ಆಮ್ಲಜನಕ ಇಲ್ಲದೆಯೇ ಗ್ಲೂಕೋಸ್ ಒಡೆಯುವ ದಾರಿ. ಬೇಗ ಆಗುತ್ತದೆ, ಆದರೆ ಒಂದು ಗ್ಲೂಕೋಸಿಗೆ ಸಿಗುವುದು ಬರೀ 2 ಎಟಿಪಿ. ಅದೇ ಗ್ಲೂಕೋಸ್ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶದೊಳಗಿನ ಎಟಿಪಿ ತಯಾರಿಸುವ ಪುಟ್ಟ ಘಟಕದಲ್ಲಿ, ಆಮ್ಲಜನಕದ ಜೊತೆ ಪೂರ್ತಿ ಉರಿದರೆ ಸುಮಾರು 30 ಸಿಗುತ್ತದೆ. ಎಷ್ಟು ವ್ಯತ್ಯಾಸ ನೋಡಿ! ಆದರೆ ಶ್ವಾಸಕೋಶ, ಹೃದಯ, ರಕ್ತ ಎಲ್ಲ ಸೇರಿ ಅಷ್ಟು ಆಮ್ಲಜನಕ ತಲುಪಿಸಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಹುಡುಗರು ಆ ಮೂರು ನಿಮಿಷವನ್ನೇ ಕಾಯುವುದಿಲ್ಲ.

ಆಮೇಲೆ ಮಾತಾಡುತ್ತಾ ಹತ್ತಿ. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ಮೈಟೊಕಾಂಡ್ರಿಯಾದ ದಾರಿಯಲ್ಲೇ ಇದ್ದೀರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ವೇಗ ಇಳಿಸಿ. ಕೈಗೆ ಕಟ್ಟುವ ಯಂತ್ರಗಳಿಗಿಂತ ನನಗೆ ಈ ಪರೀಕ್ಷೆಯ ಮೇಲೇ ನಂಬಿಕೆ ಜಾಸ್ತಿ.

ತೊಡೆ ಉರಿಯತೊಡಗಿತು ಅನ್ನಿ. ದೊಪ್ಪನೆ ಕೂರಬೇಡಿ, ನಿಂತಲ್ಲೇ ಕಾಲಾಡಿಸಿ. ಅರ್ಧ ನಿಮಿಷದಲ್ಲಿ ಖರ್ಚಾದ ಕ್ರಿಯಾಟಿನ್ ಫಾಸ್ಫೇಟ್ ಸುಮಾರು ಅರ್ಧ ವಾಪಸು ಬರುತ್ತದೆ, ಮೂರರಿಂದ ಐದು ನಿಮಿಷಕ್ಕೆ ಬಹುಪಾಲು. ದೊಡ್ಡ ನಂದಿಯ ಹತ್ತಿರ ಎಲ್ಲರೂ ನಿಲ್ಲುತ್ತಾರಲ್ಲ, ಆ ಐದು ನಿಮಿಷ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಮುಂದೆ ಹತ್ತಬೇಡಿ, ಅಲ್ಲೇ ಕೂತು ಜೊತೆಯವರನ್ನು ಕರೆಯಿರಿ.

ತಿಂಡಿ ವಿಚಾರ. ಒಂದೆರಡು ಗಂಟೆ ಮುಂಚೆ ಎರಡು ಇಡ್ಲಿ ತಿಂದರೆ ಸಾಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ಇದ್ದೇ ಇರುತ್ತದೆ, ಮುಕ್ಕಾಲು ಗಂಟೆಯ ಹತ್ತಾಟಕ್ಕೆ ಅದು ಧಾರಾಳ. ಗ್ಲೂಕೋಸ್ ಪುಡಿ ಬೇಕಾಗಿಲ್ಲ, ನೀರು ಮಾತ್ರ ಮರೆಯಬೇಡಿ. ಎಟಿಪಿ ಮಾತ್ರೆಗೂ ದುಡ್ಡು ಹಾಕಬೇಡಿ, ನುಂಗಿದ ಎಟಿಪಿ ಹಾಗೇ ಹೋಗಿ ತೊಡೆಯ ಜೀವಕೋಶದೊಳಗೆ ಕೂರುವುದಿಲ್ಲ. ಅದರ ಬದಲು ರಾಗಿ, ಕಾಳು, ಸೊಪ್ಪು ತಿನ್ನಿ. ಎಟಿಪಿ ಕೆಲಸ ಮಾಡುವುದೇ ಮೆಗ್ನೀಸಿಯಮ್ ಜೊತೆ ಸೇರಿ, ಮತ್ತು ಆಮ್ಲಜನಕ ಹೊರಲು ಕಬ್ಬಿಣ ಬೇಕೇ ಬೇಕು. ಮನೆಯ ಮೆಟ್ಟಿಲು ಹತ್ತಿದರೂ ಸುಸ್ತಾಗುವವರು, ಅದರಲ್ಲೂ ಹೆಣ್ಣುಮಕ್ಕಳು, ದಯವಿಟ್ಟು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 'ನನ್ನ ಮೈಯೇ ಹೀಗೆ' ಅಂತ ವರ್ಷಗಟ್ಟಲೆ ಸುಮ್ನೆ ಇರಬೇಡಿ.

ಮರುದಿನ ತೊಡೆ ಹಿಡಿದುಕೊಂಡರೆ, ಆಮ್ಲಜನಕ ಇಲ್ಲದೆ ಗ್ಲೂಕೋಸ್ ಒಡೆದಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಬೈಯುತ್ತಾರೆ. ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ನೋವು ಬರುವುದು ಇಳಿಯುವಾಗ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಗಾಯದಿಂದ. ಮೊದಲ ಸಲ ಹತ್ತುವವರು ಇಳಿಯಲು ಬಸ್ಸು ಹಿಡಿದರೂ ತಪ್ಪೇನಿಲ್ಲ.

ವಾರಕ್ಕೆರಡು ಮೂರು ಸಲ ಮನೆಯ ಹತ್ತಿರವೇ ಯಾವುದಾದರೂ ಮೆಟ್ಟಿಲು ಹತ್ತಿ ಇಳಿಯಿರಿ. ಕೆಲವು ವಾರಗಳಲ್ಲಿ ಸ್ನಾಯುವಿನೊಳಗೆ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಮೊದಲ ಸಲ ಎಷ್ಟನೇ ಮೆಟ್ಟಿಲಲ್ಲಿ ಮಾತು ತುಂಡಾಯಿತು ಅಂತ ಬರೆದಿಟ್ಟುಕೊಳ್ಳಿ, ಎರಡು ತಿಂಗಳು ಬಿಟ್ಟು ಅದೇ ಮೆಟ್ಟಿಲ ಹತ್ತಿರ ಪಕ್ಕದವರ ಜೊತೆ ಮಾತಾಡಿ ನೋಡಿ.