ಟೋಕನ್ ಕೊಡುವ ಮುಂಚೆ ಒಂದು ಮಳೆ ನೋಡಿ

ಮುಂಬಯಿ, ಠಾಣೆ ಕಡೆ ಹಳೇ ಫ್ಲ್ಯಾಟ್ ನೋಡಲು ನಾವು ಹೋಗುವುದು ಹೆಚ್ಚಾಗಿ ಭಾನುವಾರ ಬೆಳಗ್ಗೆ. ಹತ್ತು ನಿಮಿಷ ಓಡಾಡುತ್ತೇವೆ. ಗಾಳಿ ಬರುತ್ತಾ, ಸ್ಟೇಷನ್ ಎಷ್ಟು ದೂರ ಅಂತ ಕೇಳುತ್ತೇವೆ. "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ" ಅಂತ ಏಜೆಂಟ್ ಅಂದ ಕೂಡಲೇ ಟೋಕನ್, ಅಂದರೆ ಮುಂಗಡದ ಚೆಕ್ ಬರೆದುಬಿಡುತ್ತೇವೆ. ಠಾಣೆ ಜಿಲ್ಲೆಯ ಡೊಂಬಿವಲಿಯಲ್ಲಿ ನಮ್ಮದೂ ಹಾಗೇ ಆಯಿತು. ಬಿಲ್ಡರ್ ಹತ್ತಿರ ಮೊದಲು ಕೊಂಡವರ ಮೂಲ ಅಗ್ರಿಮೆಂಟ್ ಕಳೆದುಹೋಗಿದೆ ಅನ್ನುವುದು ಟೋಕನ್ ಕೊಟ್ಟ ಮೇಲೆ ಗೊತ್ತಾಯಿತು. ಬ್ಯಾಂಕ್ ಸಾಲ ನಿಂತಿತು. ಪೊಲೀಸ್ ದೂರು, ಪೇಪರ್‌ನಲ್ಲಿ ಪ್ರಕಟಣೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಕಲು ಅಂತ ನಾಲ್ಕು ತಿಂಗಳು ಅಲೆದೆವು. ನೀವು ಅಲೆಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆ, ಅದೂ ಮಳೆಯಲ್ಲಿ

ಮನೆಯನ್ನು ಜುಲೈಯಲ್ಲಿ ನೋಡಿ. ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋದರೆ ಗೋಡೆಯೇ ಎಲ್ಲ ಹೇಳುತ್ತದೆ. ಬೇಸಿಗೆಯಲ್ಲೇ ಕೊಳ್ಳಬೇಕಾಗಿ ಬಂದರೆ ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಒಂದೇ ರೂಮಿಗೆ, ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಕಪಾಟಿನ ಹಿಂದೆ, ಲಾಫ್ಟ್ ಒಳಗೆ, ಕಿಟಕಿಯ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಗೋಡೆಯನ್ನು ನಾಣ್ಯದಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಒಳಗೆ ಬಿಟ್ಟಿದೆ ಎಂದರ್ಥ. ಕೆಳಗೆ ಪಾರ್ಕಿಂಗ್‌ನಲ್ಲಿ ಕಂಬಗಳನ್ನೂ ನೋಡಿ. ಸಿಮೆಂಟ್ ಸೀಳಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ಆ ರಿಪೇರಿಯ ಖರ್ಚಿನಲ್ಲಿ ನಾಳೆ ನಿಮ್ಮ ಪಾಲೂ ಇರುತ್ತದೆ.

ಎಲ್ಲರೂ ಮೇಲಿನ ಸೀಲಿಂಗ್ ನೋಡುತ್ತಾರೆ. ನೀವು ಕೆಳಗಿನ ಮನೆಯ ಬಾಗಿಲನ್ನೂ ತಟ್ಟಿ. "ನಾವು ಮೇಲಿನ ಮನೆ ಕೊಳ್ಳಬೇಕೆಂದಿದ್ದೇವೆ, ನಿಮ್ಮ ಬಾತ್‌ರೂಮಿಗೆ ನೀರು ಇಳಿಯುತ್ತಾ?" ಅಂತ ಕೇಳಿ. ಇಳಿಯುತ್ತಿದ್ದರೆ ಮನೆಯ ಜೊತೆ ಆ ಜಗಳವೂ ನಿಮ್ಮ ಪಾಲಿಗೆ ಬರುತ್ತದೆ. ಫ್ಲ್ಯಾಟ್ ಮಾಲೀಕರ ಸಹಕಾರ ಸಂಘಕ್ಕೆ ಇಲ್ಲಿ ಸೊಸೈಟಿ ಅನ್ನುತ್ತಾರೆ. ಮಹಾರಾಷ್ಟ್ರದ ಮಾದರಿ ಬೈಲಾ, ಅಂದರೆ ಸೊಸೈಟಿ ನಿಯಮಾವಳಿ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸೈಟಿಯ ಖರ್ಚು. ಸಂಡಾಸು, ಸಿಂಕ್ ಕಡೆಯಿಂದ ಒಳಗೊಳಗೇ ಇಳಿಯುವ ನೀರು ಆಯಾ ಮನೆಯವರ ಖರ್ಚು.

ಹೊರಡುವಾಗ ವಾಚ್‌ಮನ್ ಹತ್ತಿರ ಐದು ನಿಮಿಷ ನಿಲ್ಲಿ. ನೀರು ಎಷ್ಟು ಹೊತ್ತಿಗೆ ಬರುತ್ತೆ, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತಾರಾ, ಇದನ್ನೆಲ್ಲ ಏಜೆಂಟ್ ಹೇಳುವುದಿಲ್ಲ. ಕೆಳಮಹಡಿಯ ಮನೆಯಾದರೆ 2005ರ ಜುಲೈ 26ರಂದು ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಳಬರನ್ನು ಕೇಳಿ. ಆ ದಿನ ಸಾಂತಾಕ್ರೂಝ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಕಂಡವರು ಗೋಡೆಯ ಮೇಲೆ ಕೈಯಿಟ್ಟು ಇಲ್ಲಿವರೆಗೆ ಅಂತ ತೋರಿಸುತ್ತಾರೆ.

ಆಮೇಲೆ ಕಾಗದ

ಮನೆ ಹಿಡಿಸಿತಾ? ಆದರೂ ದುಡ್ಡು ಕೊಡಬೇಡಿ. ಬಿಲ್ಡರ್‌ನಿಂದ ಮೊದಲು ಕೊಂಡವರು, ಅವರಿಂದ ಕೊಂಡವರು, ಹೀಗೆ ಇವತ್ತಿನ ಮಾಲೀಕರವರೆಗೆ ಪ್ರತಿ ಅಗ್ರಿಮೆಂಟಿನ ಮೂಲ ಪ್ರತಿ ಕೇಳಿ. ಇದಕ್ಕೆ ಇಲ್ಲಿ ಚೈನ್ ಅನ್ನುತ್ತಾರೆ. ಒಂದು ಕೊಂಡಿ ಇಲ್ಲದಿದ್ದರೂ ಬ್ಯಾಂಕಿನ ವಕೀಲರು ಫೈಲ್ ವಾಪಸ್ ಕಳಿಸುತ್ತಾರೆ. "ಎಲ್ಲ ಬ್ಯಾಂಕಲ್ಲಿದೆ" ಅಂದರೆ ಸಾಲ ಎಷ್ಟು ಬಾಕಿ ಇದೆ, ಯಾವ್ಯಾವ ಕಾಗದ ಅಲ್ಲಿವೆ ಅಂತ ಬ್ಯಾಂಕಿನಿಂದಲೇ ಬರೆಸಿಕೊಂಡು ಬರಲು ಹೇಳಿ.

ಪ್ರತಿ ಅಗ್ರಿಮೆಂಟಿನ ಜೊತೆ ಇಂಡೆಕ್ಸ್-2 ಇರಬೇಕು. ನೋಂದಣಿಯ ಸಾರಾಂಶ ಇರುವ ಮರಾಠಿಯ ಒಂದು ಹಾಳೆ ಅದು. ಮೋಬದಲಾ ಅಂದರೆ ಕೊಟ್ಟ ಬೆಲೆ, ಬಾಜಾರಭಾವ್ ಅಂದರೆ ಸರ್ಕಾರ ಕಟ್ಟಿದ ಬೆಲೆ. ಬರೆದುಕೊಟ್ಟವರ ಹೆಸರು, ಬರೆಸಿಕೊಂಡವರ ಹೆಸರು, ನೋಂದಣಿಯ ತಾರೀಖು, ಕಟ್ಟಿದ ಸ್ಟ್ಯಾಂಪ್ ಡ್ಯೂಟಿ ಎಲ್ಲ ಅದರಲ್ಲಿದೆ. ಒಂದು ಹಾಳೆಯಲ್ಲಿ ಬರೆಸಿಕೊಂಡವರೇ ಮುಂದಿನ ಹಾಳೆಯಲ್ಲಿ ಬರೆದುಕೊಟ್ಟವರು ಆಗಿರಬೇಕು. ಬೆರಳಿಟ್ಟು ಒಂದೊಂದೇ ಹೆಸರು ಕೂಡಿಸಿ ನೋಡಿ. ಮಧ್ಯೆ ಯಾರಾದರೂ ತೀರಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಸೊಸೈಟಿ ನಾಮಿನಿ ಹೆಸರಿಗೆ ಶೇರ್ ವರ್ಗ ಮಾಡಿರಬಹುದು, ಅಷ್ಟಕ್ಕೇ ನಾಮಿನಿ ಮಾಲೀಕ ಆಗುವುದಿಲ್ಲ. ಉಳಿದ ವಾರಸುದಾರರು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿದ್ದಾರಾ ನೋಡಿ. ಊರಲ್ಲಿರುವ ತಂಗಿಯ ಸಹಿ ಇಲ್ಲದೆ ಮಾರಿದ ಮನೆ ಎಷ್ಟೋ ವರ್ಷದ ಮೇಲೂ ಕೋರ್ಟ್ ಮೆಟ್ಟಿಲು ಹತ್ತಿಸಬಹುದು.

ಕಟ್ಟಡಕ್ಕೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಪಾಲಿಕೆಯ ಪ್ರಮಾಣಪತ್ರ ಇದೆಯಾ ಅಂತ ಪಾಲಿಕೆಯಲ್ಲೇ ವಿಚಾರಿಸಿ, ಜೆರಾಕ್ಸ್ ನಂಬಬೇಡಿ. ಕಲ್ಯಾಣ್-ಡೊಂಬಿವಲಿಯಲ್ಲಿ ನಕಲಿ ಪರವಾನಗಿ ತೋರಿಸಿ ರೇರಾ (ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ಸರ್ಕಾರಿ ಪ್ರಾಧಿಕಾರ) ನಂಬರ್ ಪಡೆದ 65 ಕಟ್ಟಡಗಳನ್ನು ಕೆಡವಲು 2024ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು. ಅಲ್ಲಿ ಮನೆ ಕೊಂಡವರ ಕೈಯಲ್ಲೂ ಕಾಗದ ಇದ್ದವು.

ಸೊಸೈಟಿ ಆಫೀಸು

ಸೆಕ್ರೆಟರಿಯನ್ನು ಕಂಡು ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ. ಕನ್ವೇಯನ್ಸ್ ಆಗಿದೆಯಾ, ಅಂದರೆ ಜಾಗ ಸೊಸೈಟಿಯ ಹೆಸರಿಗೆ ಬಂದಿದೆಯಾ, ರೀಡೆವಲಪ್‌ಮೆಂಟ್, ಅಂದರೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆಯಾ ಅಂತಲೂ ಕೇಳಿ. ಕಟ್ಟಡಕ್ಕೆ 15 ವರ್ಷ ದಾಟಿದ್ದರೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದರೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಗಟ್ಟಿಯಿದೆಯಾ ಅನ್ನುವ ತಪಾಸಣೆ ಆಗಬೇಕು ಅಂತ ಬೈಲಾದಲ್ಲಿದೆ. ಕೊನೆಯ ವರದಿ ಓದಿ. ಹೆಸರು ವರ್ಗ ಮಾಡಲು ಸೊಸೈಟಿ ತೆಗೆದುಕೊಳ್ಳುವ ಪ್ರೀಮಿಯಂ 25,000 ರೂಪಾಯಿ ಮೀರುವಂತಿಲ್ಲ. ಡೊನೇಷನ್ ಅಂತ ಲಕ್ಷಗಟ್ಟಲೆ ಕೇಳಿದರೆ ಬರಹದಲ್ಲಿ ಕೊಡಿ ಅನ್ನಿ.

ದುಡ್ಡು, ನೋಂದಣಿ

ಈಗ ಟೋಕನ್ ಕೊಡಬಹುದು. ಚೆಕ್ಕಿನಲ್ಲೇ ಕೊಡಿ. ಸಾಲ ಸಿಗದಿದ್ದರೆ ಅಥವಾ ಕಾಗದ ಸರಿಯಿಲ್ಲದಿದ್ದರೆ ದುಡ್ಡು ವಾಪಸ್ ಅಂತ ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲು ಇರಲಿಲ್ಲವೆಂದೇ ನಮಗೆ ಅಷ್ಟು ಕಷ್ಟವಾಯಿತು.

ಸ್ಟ್ಯಾಂಪ್ ಡ್ಯೂಟಿ ಸದ್ಯ ಮುಂಬಯಿಯಲ್ಲಿ ಶೇ 6, ಠಾಣೆ, ಡೊಂಬಿವಲಿ, ಪುಣೆ ನಗರಗಳಲ್ಲಿ ಶೇ 7. ಮನೆ ಹೆಂಗಸರ ಹೆಸರಲ್ಲೇ ಆದರೆ ಶೇ 1 ಕಡಿಮೆ. ಅಗ್ರಿಮೆಂಟ್ ಬೆಲೆ, ಸರ್ಕಾರದ ರೆಡಿ ರೆಕನರ್ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ನೋಂದಣಿ ಶುಲ್ಕ ಶೇ 1, ಹೆಚ್ಚೆಂದರೆ 30,000. ಡೊಂಬಿವಲಿಯಲ್ಲಿ 80 ಲಕ್ಷದ ಮನೆಗೆ ಇದೆಲ್ಲ ಸೇರಿ 5,90,000 ರೂಪಾಯಿ. ಇದು ಸಾಲದಲ್ಲಿ ಸೇರುವುದಿಲ್ಲ, ಕೈಯಲ್ಲಿ ಇಟ್ಟುಕೊಂಡಿರಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದರಿಂದ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು, ಮಾರುವವರ ಪ್ಯಾನ್ ನಂಬರಿಗೆ ನೀವೇ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಹಿಡಿಯಬೇಕಾದ ಮೊತ್ತ ಬಹಳ ದೊಡ್ಡದು, ಸಿಎ ಒಬ್ಬರನ್ನು ಕೇಳದೆ ದುಡ್ಡು ಕಳಿಸಬೇಡಿ.

ಕೀಲಿ ಕೈಗೆ ಬಂತು ಅಂತ ಸುಮ್ನೆ ಕೂರಬೇಡಿ. ಲೈಟ್ ಬಿಲ್, ಪೈಪ್ ಗ್ಯಾಸ್, ಪಾಲಿಕೆಯ ಮನೆ ತೆರಿಗೆ ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸೊಸೈಟಿಗೆ ವರ್ಗಾವಣೆ ಅರ್ಜಿ ಕೊಟ್ಟು, ಸ್ವೀಕರಿಸಿದ ಸಹಿ ಹಾಕಿಸಿಕೊಂಡು ಬನ್ನಿ. ಶೇರ್ ಸರ್ಟಿಫಿಕೇಟ್ ವಾಪಸ್ ಬಂದಾಗ ತಿರುಗಿಸಿ ಹಿಂದೆ ನೋಡಿ. ಹಳೇ ಮಾಲೀಕರ ಹೆಸರಿನ ಕೆಳಗೆ ನಿಮ್ಮ ಹೆಸರು, ತಾರೀಖು, ಪದಾಧಿಕಾರಿಗಳ ಸಹಿ, ಸೊಸೈಟಿಯ ಸೀಲು ನಾಲ್ಕೂ ಇರಬೇಕು. ಹೆಸರಿನ ಅಕ್ಷರ ತಪ್ಪಿದ್ದರೆ ಅಲ್ಲೇ, ಆಗಲೇ ತಿದ್ದಿಸಿ.