ಹಂಸಧ್ವನಿಗೆ ಮೂರೇ ಕಾರ್ಡ್

ಮೊದಲ ಎರಡು ವರ್ಷ ನಾನು ಕೀಬೋರ್ಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಮೂರು-ನಾಲ್ಕು ಸ್ವರಗಳ ಗುಂಪು) ಬೆರಳಿನ ಲೆಕ್ಕದಲ್ಲಿ ಮಾತ್ರ ಕಲಿತೆ. ಸಿ ಮೇಜರ್ ಅಂದರೆ ಈ ಮೂರು ಮನೆ, ಎಫ್ ಮೇಜರ್ ಅಂದರೆ ಆ ಮೂರು ಮನೆ, ಅಷ್ಟೇ. ಭಾವಗೀತೆಗೆ ಕೀಬೋರ್ಡ್ ನುಡಿಸುವಾಗ ಸಿ, ಎಫ್, ಜಿ ಮೂರರಲ್ಲೇ ಎಷ್ಟೋ ಹಾಡು ಮುಗಿಯುತ್ತಿತ್ತು. ಒಂದು ಗಣೇಶನ ಹಬ್ಬದಲ್ಲಿ ಹಂಸಧ್ವನಿ ರಾಗದ ದೇವರನಾಮಕ್ಕೂ ಅವನ್ನೇ ಹಾಕಿದೆ. ಎಫ್ ಬಂದಲ್ಲೆಲ್ಲ ಹಾಡು ಮಂಕಾಯಿತು. ಹಾಡಿದ ಅಕ್ಕ ವೇದಿಕೆಯಿಂದ ಇಳಿದ ಮೇಲೆ ಕೇಳಿದರು: "ಮಧ್ಯಮ ಯಾಕೆ ಹಿಡಿದೆ? ಹಂಸಧ್ವನಿಯಲ್ಲಿ ಮಧ್ಯಮ ಎಲ್ಲಿದೆ?"

ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು ನಾನು. ಆದರೂ ಕಾರ್ಡ್ ಒಳಗಿರುವುದು ಸ್ವರಗಳೇ ಎಂದು ಅಲ್ಲಿಯವರೆಗೆ ನೋಡಿರಲಿಲ್ಲ.

ಅಂದು ರಾತ್ರಿ ಪುಸ್ತಕ ತೆಗೆದು ಬರೆಯುತ್ತ ಕೂತೆ. ಸಪ್ತಸ್ವರಗಳಲ್ಲಿ ಒಂದು ಹಿಡಿ, ಒಂದು ಬಿಡು, ಮತ್ತೊಂದು ಹಿಡಿ. ಸ-ಗ-ಪ. ಬಿಳಿ ಒಂದನ್ನು, ಅಂದರೆ ಸಿ ಮನೆಯನ್ನು, ಷಡ್ಜ (ಸ) ಮಾಡಿಕೊಂಡರೆ ಇದೇ ಸಿ ಮೇಜರ್. ಕಪ್ಪು-ಬಿಳಿ ಸೇರಿಸಿ ಎಣಿಸಿದರೆ ಷಡ್ಜದಿಂದ ಅಂತರ ಗಾಂಧಾರಕ್ಕೆ (ಮೇಲಿನ ಗ) ನಾಲ್ಕು ಹೆಜ್ಜೆ, ಅಲ್ಲಿಂದ ಪಂಚಮಕ್ಕೆ ಮೂರು. ನಾಲ್ಕು-ಮೂರು ಇದ್ದರೆ ಮೇಜರ್. ಮೂರು-ನಾಲ್ಕು ಆದರೆ ಮೈನರ್. ಎಫ್ ಅಂದರೆ ಮ-ದ-ಸ. ಹಂಸಧ್ವನಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಅಲ್ಲಿ ಸಿಗುವುದು ಸ-ಗ-ಪ, ಗ-ಪ-ನಿ, ಪ-ನಿ-ರಿ ಮಾತ್ರ. ಅಂದರೆ ಸಿ, ಇ ಮೈನರ್, ಜಿ. ಮೋಹನ ರಾಗಕ್ಕೆ ಇನ್ನೂ ಕಡಿಮೆ: ಸ-ಗ-ಪ ಮತ್ತು ದ-ಸ-ಗ, ಎರಡೇ.

ಆಮೇಲೆ ತಂಬೂರಿಯ ಹತ್ತಿರ ಹೋದೆ. ಚೆನ್ನಾಗಿ ಶ್ರುತಿ ಮಾಡಿ ಮಂದ್ರ ಷಡ್ಜದ ತಂತಿ ಮೀಟಿ ಕಿವಿಗೊಟ್ಟರೆ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಆ ತಂತಿಯನ್ನು ಗಾಂಧಾರಕ್ಕೆ ಯಾರೂ ಕಟ್ಟಿಲ್ಲ. ಒಂದೇ ತಂತಿ ಎರಡು, ಮೂರು, ನಾಲ್ಕು, ಐದು, ಆರು ಪಟ್ಟು ವೇಗದಲ್ಲೂ ಕಂಪಿಸುತ್ತಿರುತ್ತದೆ. ಅದರಲ್ಲಿ ನಾಲ್ಕು, ಐದು, ಆರನೆಯವೇ ಸ-ಗ-ಪ. ದಿನಾ ಕಣ್ಣು ಮುಚ್ಚಿ ಹಾಡುವಾಗ ಬೆನ್ನ ಹಿಂದೆ ಒಂದು ಮೇಜರ್ ಕಾರ್ಡ್ ಇತ್ತು ಅಲ್ವಾ! (ಕೀಬೋರ್ಡಿನ ಗಾಂಧಾರ ಇದಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.)

ನನಗೆ ಜಾಸ್ತಿ ಕಲಿಸಿದ್ದು ಒಂದು ಸಣ್ಣ ಅಭ್ಯಾಸ. ಸುಮ್ನೆ ಷಡ್ಜ ಹಿಡಿದು ಹಾಡುವುದು, ಕೈಯಲ್ಲಿ ಕಾರ್ಡ್ ಮಾತ್ರ ಬದಲಿಸುವುದು. ಸಿ ನುಡಿಸಿದಾಗ ಷಡ್ಜ ನೆಲದ ಮೇಲೆ ಕೂತಂತೆ ಇರುತ್ತದೆ. ಎ ಮೈನರ್‌ಗೆ ಹೋದರೆ ಅದೇ ಷಡ್ಜಕ್ಕೆ ನೋವು ಬರುತ್ತದೆ. ಎಫ್‌ಗೆ ಹೋದರೆ ಅದು ತೆರೆದುಕೊಳ್ಳುತ್ತದೆ. ಗಂಟಲು ಕದಲಿಲ್ಲ, ಸ್ವರ ಒಂದೇ. ಹಾರ್ಮನಿ, ಅಂದರೆ ಸ್ವರಗಳು ಒಟ್ಟಿಗೆ ಕೂಡುವ ಬಗೆ, ಏನು ಎಂದು ನನ್ನ ಮೈಗೆ ತಿಳಿದದ್ದು ಆಗ.

ಜಿ ಆದ ಮೇಲೆ ಸಿ ಯಾಕೆ ಬೇಕೆನಿಸುತ್ತದೆ ಎಂಬುದೂ ಹೀಗೇ ಹಾಡಿ ಗೊತ್ತಾಯಿತು. ಜಿಗೆ ಮಧ್ಯಮ ಸೇರಿದರೆ ಜಿ ಸೆವೆನ್: ಪ-ನಿ-ರಿ-ಮ. ಕಾಕಲಿ ನಿಷಾದದಲ್ಲಿ (ಮೇಲಿನ ನಿ) ನಿಂತು ನೋಡಿ, ಷಡ್ಜಕ್ಕೆ ಹೋಗದೆ ಇರಲು ಆಗುವುದಿಲ್ಲ. ಶುದ್ಧ ಮಧ್ಯಮ (ಕೆಳಗಿನ ಮ) ಗಾಂಧಾರಕ್ಕೆ ಇಳಿಯಲು ಕಾಯುತ್ತದೆ. ಎರಡೂ ಅರ್ಧ ಹೆಜ್ಜೆಯಲ್ಲೇ ಮನೆ ಸೇರುತ್ತವೆ. ಅಂದಿನಿಂದ ಕೈ ಎತ್ತಿ ಎತ್ತಿ ಹಾರಿಸುವುದನ್ನು ಬಿಟ್ಟೆ. ಸ-ಗ-ಪ ಆದ ಮೇಲೆ ಸ-ಮ-ದ, ಆಮೇಲೆ ನಿ-ರಿ-ಪ. ಪ್ರತಿ ಬೆರಳೂ ಹತ್ತಿರದ ಸ್ವರಕ್ಕೆ ಜರುಗಿದರೆ ಸಾಕು. ಕ್ರಮ ಬದಲಾದರೂ ಕಾರ್ಡ್ ಅದೇ ಎಂದು ಫ್ರಾನ್ಸಿನ ಸಂಗೀತ ಶಾಸ್ತ್ರಜ್ಞ ರಾಮೋ 1722ರಲ್ಲೇ ಬರೆದು ತೋರಿಸಿದ್ದರು.

ಮಾಯಾಮಾಳವಗೌಳ ರಾಗದಲ್ಲಿ ಈ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಸ-ಗ-ಪ ಮೇಜರ್, ಪಕ್ಕದಲ್ಲೇ ರಿ-ಮ-ದ ಕೂಡ ಮೇಜರ್. ಆದರೆ ಶುದ್ಧ ರಿಷಭದಿಂದಾಗಿ (ಕೆಳಗಿನ ರಿ) ಪ-ನಿ-ರಿ ಮೇಜರ್ ಆಗದೆ ಮುರಿದು ಹೋಗುತ್ತದೆ. ಅಲ್ಲಿ ನಾನು ರಿ-ಮ-ದದಿಂದಲೇ ಸ-ಗ-ಪಕ್ಕೆ ಇಳಿಯುತ್ತೇನೆ. ತೋಡಿಗೆ ಮಾತ್ರ ಕಾರ್ಡ್ ಹಾಕುವುದೇ ಇಲ್ಲ. ಅದರ ಗಾಂಧಾರ ತೂಗುತ್ತಲೇ ಇರುತ್ತದೆ. ಕೆಳಗೆ ನೆಟ್ಟಗೆ ನಿಂತ ಗಾಂಧಾರ ಇಟ್ಟರೆ ರಾಗಕ್ಕೆ ಪೆಟ್ಟು. ಸ-ಪ ಹಿಡಿದು ಸುಮ್ಮನಿರುತ್ತೇನೆ.

ಈಗ ಕೀರವಾಣಿ ರಾಗದ ಮೇಲೆ ಕೂತಿದ್ದೇನೆ. ಗಾಂಧಾರ ಕೆಳಗಿನದಾದ್ದರಿಂದ ಸ-ಗ-ಪ ಅಲ್ಲಿ ಮೈನರ್, ಪ-ನಿ-ರಿ ಪೂರ್ತಿ ಮೇಜರ್. ಆ ಪಂಚಮದಿಂದ ಷಡ್ಜಕ್ಕೆ ಮರಳುವುದನ್ನೇ ಬೆಳಿಗ್ಗೆ ಅರ್ಧ ಗಂಟೆ ನುಡಿಸುತ್ತೇನೆ.